ಪಿಕಪ್ ವಾಹನದ ದೀಪ ಮತ್ತು ಕಾಡಂಚಿನ ದಾರಿ



ಚನ್ನಗಿರಿಯ ಅಡಿಕೆ, ಹೊನ್ನಾಳಿ-ನ್ಯಾಮತಿಗಳ ಮೆಕ್ಕೆಜೋಳ ಹೊತ್ತ ಪಿಕಪ್‌ಗಳು ರಾತ್ರಿಯೂ ಸಂಚರಿಸುತ್ತವೆ. ಚಾಲಕರು ಪ್ರಖರ ಬಲ್ಬು ಬಯಸುವುದು ಸಹಜವೇ. ಆದರೆ 60/55 ವ್ಯಾಟ್‌ನ ಎಚ್4 ಬಲ್ಬಿನ ಜಾಗಕ್ಕೆ 100/90 ವ್ಯಾಟ್‌ನದು ಬಂದರೆ, 12 ವೋಲ್ಟಿನಲ್ಲಿ ಡಿಮ್ ದೀಪಕ್ಕೇ 4.6ರ ಬದಲು 7.5 ಆಂಪಿಯರ್ ಹರಿದು ತಂತಿ, ಹೋಲ್ಡರು ಸುಡಬಹುದು. ಹ್ಯಾಲೋಜನ್ ಪ್ರತಿಫಲಕದಲ್ಲಿ ಎಲ್‌ಇಡಿ ಕೂರಿಸಿದರೆ ಬೆಳಕು ಚದುರಿ ಎದುರಿನ ಸವಾರನ ಕಣ್ಣು ಕೋರೈಸುತ್ತದೆ.

ಜಗಳೂರಿನ ರಂಗಯ್ಯನದುರ್ಗವು 2011ರಲ್ಲಿ ಕೊಂಡುಕುರಿಗಳ ವನ್ಯಧಾಮವಾಯಿತು. ಪ್ರಖರ ಬೆಳಕಿಗೆ ಸಿಕ್ಕ ಕಾಡುಪ್ರಾಣಿ ಓಡಲಾರದೆ ರಸ್ತೆಯಲ್ಲೇ ನಿಂತುಬಿಡುವುದುಂಟು.

ಆದುದರಿಂದ ಚಾಲಕರು ಮೊದಲು ಮಸುಕಾದ ಗಾಜನ್ನು ಶುಚಿಗೊಳಿಸಲಿ. ಹಿಂದಿನ ಹೇರಿನಿಂದ ಮೇಲೆದ್ದ ದೀಪದ ಕೋನವನ್ನು ತಗ್ಗಿಸಲಿ. ಹಳೆಯ ಬಲ್ಬಿಗೆ ಅದೇ ವ್ಯಾಟ್‌ನ ಹೊಸ ಜೋಡಿ ಹಾಕಲಿ. ಕಾಡಂಚಿನಲ್ಲಿ ವೇಗವನ್ನೂ ಇಳಿಸಲಿ.