ಹೈದರಾಬಾದಿನಲ್ಲಿ ನಮ್ಮ ಕನ್ನಡ ಸಭೆ
(ರಾಜ್ಯೋತ್ಸವದಂದು ಮಾಡಿದ ಭಾಷಣ)



ನಮ್ಮ ಸಭೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದ್ದಾರೆ. ನಾವು ಕ್ರೈಸ್ತರು, ಬೀದರ, ಕಲಬುರ್ಗಿ, ರಾಯಚೂರಿನ ಕಡೆಯಿಂದ ಈ ನಗರಕ್ಕೆ ಬಂದ ಮನೆತನದವರು. 'ಬಂದವರು' ಎಂಬ ಮಾತೂ ಪೂರ್ತಿ ಸರಿಯಲ್ಲ. ೧೯೫೬ರ ನವೆಂಬರ್ ೧ರ ವರೆಗೆ ಆ ಮೂರು ಜಿಲ್ಲೆಗಳಿಗೂ ಹೈದರಾಬಾದೇ ರಾಜಧಾನಿ. ನಮ್ಮ ಹಿರಿಯರು ಓದಿಗೆ, ನೌಕರಿಗೆ, ಔಷಧೋಪಚಾರಕ್ಕೆ ಬರುತ್ತಿದ್ದುದು ಇಲ್ಲಿಗೇ. ಅಂದು ಗಡಿ ಸರಿಯಿತು, ನಾವು ಕುಳಿತಲ್ಲಿಯೇ ಪರಸ್ಥಳದವರಾದೆವು.

"ನಿಮ್ಮ ಪ್ರಾರ್ಥನೆಯೆಲ್ಲ ಇಂಗ್ಲಿಷಿನಲ್ಲಲ್ಲವೇ?" ಎಂದು ನೆರೆಯವರು ಕೇಳುವುದುಂಟು. ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಕನ್ನಡ ಬೈಬಲು ಪೂರ್ತಿಯಾಗಿ ಬಳ್ಳಾರಿಯಲ್ಲಿ ಅಚ್ಚಾದದ್ದು ೧೮೩೧ರಲ್ಲಿ. ಕಿಟೆಲ್ ಪಾದ್ರಿಗಳ ನಿಘಂಟು ೧೮೯೪ರಲ್ಲಿ ಮಂಗಳೂರಿನಿಂದ ಹೊರಟಿತು; ಅದನ್ನು ತಾವೆಲ್ಲ ಬಲ್ಲಿರಿ. ಆದರೆ ನಮಗೆ ಇವರಿಬ್ಬರಿಗಿಂತ ಹತ್ತಿರದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಸಭಾಪಾಲಕರಾಗಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ಕಷ್ಟಪಟ್ಟು ಕೂಡಿಸಿ, ೧೯೨೪ರಲ್ಲಿ ಪ್ರಕಟಿಸಿದ ಮಹನೀಯರು ಅವರು. ೧೯೪೮ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತಷ್ಟೆ. ಮರುವರ್ಷ, ಇನ್ನೂ ಹೈದರಾಬಾದು ರಾಜ್ಯದೊಳಗೇ ಇದ್ದ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಈ ಪಾದ್ರಿಗಳು. ಅವರ ಹೆಸರನ್ನು ನಮ್ಮ ಮನೆಗಳಲ್ಲಿ ಸ್ವಂತ ಅಜ್ಜನ ಹೆಸರಿನಂತೆ ಹೇಳುತ್ತೇವೆ. ಸಂಬಂಧವೇನೂ ಇಲ್ಲ, ಅಭಿಮಾನ ಮಾತ್ರ!

ನಮ್ಮ ಸಭೆ ಚಿಕ್ಕದು. ಸ್ವಂತ ದೇವಾಲಯವಿಲ್ಲ. ತೆಲುಗು ಸಭೆಯವರ ಆರಾಧನೆ ಮುಗಿದ ಮೇಲೆ ಅದೇ ದೇವಾಲಯದಲ್ಲಿ ನಾವು ಸೇರುತ್ತೇವೆ. ಅವರು ಉಪಕಾರಿಗಳು, ಎಷ್ಟೋ ಸಲ ಹಾರ್ಮೋನಿಯಮ್ಮನ್ನೂ ಬಿಟ್ಟು ಹೋಗುತ್ತಾರೆ. ಸುಗ್ಗಿಯ ಹಬ್ಬದಂದು ಪ್ರಥಮ ಫಲಗಳನ್ನು ತಂದು ಅರ್ಪಿಸಿ, ಬಳಿಕ ಹರಾಜು ಮಾಡುವುದು ವಾಡಿಕೆ. ಹೊಲವಿಲ್ಲದ ನಾವು ಮೋಂಡಾ ಮಾರ್ಕೆಟ್ಟಿನಲ್ಲಿ ಕುಂಬಳಕಾಯಿ ಕೊಂಡು ತಂದು, ಅದನ್ನೇ ಮತ್ತೆ ನಾಲ್ಕರಷ್ಟು ಬೆಲೆಗೆ ಕೂಗಿ ಕೊಳ್ಳುತ್ತೇವೆ. ಕೊಂಡವರು ಪುನಃ ಸಭೆಗೇ ಕೊಡುತ್ತಾರೆ. ಒಂದೇ ಕಾಯಿ ಮೂರು ಸಲ ಹರಾಜಾದದ್ದೂ ಉಂಟು. ಆ ಹಣ ಒಮ್ಮೆ ಒಬ್ಬ ಹುಡುಗಿಯ ನರ್ಸಿಂಗ್ ಕಲಿಕೆಗೆ ಹೋಯಿತು, ಇನ್ನೊಮ್ಮೆ ಶವಪೆಟ್ಟಿಗೆಯ ಖರ್ಚಿಗೆ.

ಆ ಸಾವಿನ ಮಾತು ಇಲ್ಲಿ ಹೇಳಲೇಬೇಕು. ಬೀದರ ಕಡೆಯ ವೃದ್ಧೆಯೊಬ್ಬರು ಕಾಯಿಲೆ ಬಿದ್ದಿದ್ದರು. ನಾವು ನೋಡಲು ಹೋದಾಗ ಮೊಮ್ಮಗನ ಕೈಗೆ ತಮ್ಮ ಹಳೆಯ ಬೈಬಲನ್ನು ಕೊಟ್ಟು, "ಇಪ್ಪತ್ಮೂರನೇ ಕೀರ್ತನಿ ಓದಪ್ಪಾ, ನಮ್ಮ ಮಾತಿನಾಗ ಓದು" ಎಂದರು. ಹುಡುಗ ಹತ್ತನೆಯ ತರಗತಿಯವನು, ಜಾಣ. ಪುಟವನ್ನು ನೋಡಿದ, ನಮ್ಮ ಮುಖ ನೋಡಿದ. ಅಕ್ಷರ ಬಾರದು. ಅಜ್ಜಿಗೆ ತಿಳಿಯಬಾರದೆಂದು, ಇಂಗ್ಲಿಷಿನಲ್ಲಿ ತನಗೆ ಬಾಯಿಪಾಠವಿದ್ದುದನ್ನೇ ಕನ್ನಡಕ್ಕೆ ತಿರುಗಿಸುತ್ತ, ತಡವರಿಸುತ್ತ ಹೇಳಿದ. ಅಜ್ಜಿ ಕಣ್ಣು ಮುಚ್ಚಿಯೇ, "ಹಾಂಗಲ್ಲಪ್ಪಾ ಅದು" ಎಂದರು. ಬೇರೇನೂ ಅನ್ನಲಿಲ್ಲ. ನಮ್ಮಲ್ಲೊಬ್ಬರು ಪುಸ್ತಕ ತೆಗೆದುಕೊಂಡು ಓದಿ ಮುಗಿಸಿದರು. ಹುಡುಗ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಿದ್ದ.

ತಪ್ಪು ಅವನದೇ? ಶಾಲೆಯಲ್ಲಿ ಇಂಗ್ಲಿಷು, ತೆಲುಗು, ಹಿಂದಿ ಮೂರನ್ನೂ ಹೊರಿಸಿ, ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಕೆಂದು ನೆಮ್ಮದಿಯಾಗಿದ್ದವರು ನಾವು. ಅದಾದ ತರುವಾಯ ಸಭೆಯಲ್ಲಿ ಬಿಸಿ ಮಾತೇ ನಡೆಯಿತು. ಆರಾಧನೆಯನ್ನು ಇಂಗ್ಲಿಷಿಗೆ ತಿರುಗಿಸಿದರೆ ಮಕ್ಕಳು ಉಳಿದಾರು ಎಂದು ಕೆಲವು ಕಿರಿಯರು. ಹಾಗಾದರೆ ನಾವೇ ಬರುವುದಿಲ್ಲವೆಂದು ಹಿರಿಯರು. ಕಿರಿಯರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ದೇವರಿಗೆ ಯಾವ ಭಾಷೆಯೂ ತಿಳಿಯುತ್ತದೆ. ಅಜ್ಜಿಗೆ ತಿಳಿಯುವುದು ಒಂದೇ.

ಕೊನೆಗೆ, ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಅಕ್ಷರ ಕಲಿಸುವುದೆಂದು ಒಪ್ಪಿದೆವು. ಏಳು ಮಕ್ಕಳು ಬರುತ್ತಾರೆ, ಮೂವರು ತಾಯಂದಿರೂ ಕೂರುತ್ತಾರೆ. ತೆಲುಗು ಬಲ್ಲವರಿಗೆ ನಮ್ಮ ಲಿಪಿ ಅರ್ಧ ಬಂದಂತೆಯೇ. ತಲೆಕಟ್ಟಿನಲ್ಲಿ ಮಾತ್ರ ಎಡವುತ್ತಾರೆ. ಆ ಹುಡುಗನೇ ಮೊದಲು ಹೆಸರು ಬರೆಸಿದವನು. ಅಜ್ಜಿಯ ಸಮಾಧಿಯ ಬಳಿ ಓದಲು ಅವನಿಗಿನ್ನೂ ಬಂದಿರಲಿಲ್ಲ.

ಬರುವ ಕ್ರಿಸ್‌ಮಸ್ಸಿಗೆ ಲೂಕನ ಎರಡನೆಯ ಅಧ್ಯಾಯವನ್ನು ಅವನು ಓದುವವನಿದ್ದಾನೆ. ಆರಾಧನೆಯ ತರುವಾಯ ಜೋಳದ ರೊಟ್ಟಿ, ಎಣಗಾಯಿ, ಕರ್ಜಿಕಾಯಿ. ಸಂಘದ ಬಂಧುಗಳು ಜಾತಿ ಮತವೆನ್ನದೆ ಬರಬೇಕು, ಮಕ್ಕಳನ್ನೂ ಕರೆತರಬೇಕು. ನಮ್ಮ ಪಾಠದ ಜಮಖಾನೆಯ ಮೇಲೆ ಇನ್ನೂ ಹತ್ತು ಮಂದಿಗೆ ಸ್ಥಳವುಂಟು. ಅಲ್ಲಿ ಕಲಿಸುವುದು ಅ ಆ ಇ ಈ ಮಾತ್ರ.