‘ಶಿಕಾರಿ’ಯನ್ನು ಬರೆದ ಯಶವಂತ ಚಿತ್ತಾಲರು

(ಸಮೀರವಾಡಿಯ ಕಾರ್ಮಿಕರ ಹಾಗೂ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ದಣಿದು ಬಂದಿದ್ದೀರಿ. ಅಂಗಡಿಯ ಕದ ಹಾಕಿ ಬಂದವರೂ ಇದ್ದೀರಿ. ಇಂಥ ಹೊತ್ತಿನಲ್ಲಿ ಕಾದಂಬರಿಯ ಮಾತೇಕೆ ಎಂದು ನೀವು ಕೇಳಬಹುದು. ಅದೂ ನವ್ಯ ಕಾದಂಬರಿ. ಓದಲು ಕಠಿಣವೆಂಬ ಹೆಸರು ಬೇರೆ. ಆದರೆ ಯಶವಂತ ಚಿತ್ತಾಲರ ‘ಶಿಕಾರಿ’ ರಾಜರಾಣಿಯರ ಕಥೆಯಲ್ಲ, ನೌಕರಿಯ ಕಥೆ.

ಚಿತ್ತಾಲರು 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದರು. ಕವಿ ಗಂಗಾಧರ ಚಿತ್ತಾಲರು ಇವರ ಅಣ್ಣ. ಮುಂಬಯಿಯಲ್ಲಿಯೂ ಮುಂದೆ ಅಮೇರಿಕೆಯ ಸ್ಟೀವನ್ಸ್ ಸಂಸ್ಥೆಯಲ್ಲಿಯೂ ರಸಾಯನ ತಂತ್ರವಿದ್ಯೆ ಕಲಿತು, ಮುಂಬಯಿಯ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದರು. ಹೊಟ್ಟೆಪಾಡಿಗೆ ಕಾರಖಾನೆಯ ವಿದ್ಯೆ, ಮನಸ್ಸೆಲ್ಲ ಕನ್ನಡದಲ್ಲಿ. 1964ರಲ್ಲಿ ‘ಮೂರು ದಾರಿಗಳು’, 1979ರಲ್ಲಿ ‘ಶಿಕಾರಿ’ ಬಂದವು. ‘ಕತೆಯಾದಳು ಹುಡುಗಿ’ ಎಂಬ ಕಥಾಸಂಗ್ರಹಕ್ಕೆ 1983ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 2014ರಲ್ಲಿ ಮುಂಬಯಿಯಲ್ಲಿಯೇ ತೀರಿಕೊಂಡರು.

‘ಶಿಕಾರಿ’ಯ ನಾಗಪ್ಪ ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಮೇಲಧಿಕಾರಿ. ಒಮ್ಮೆಲೆ ಅವನನ್ನು ಕೆಲಸದಿಂದ ದೂರವಿಡುತ್ತಾರೆ. ವಿಚಾರಣೆ ಇದೆ ಎನ್ನುತ್ತಾರೆ. ತಪ್ಪೇನೆಂದು ಬಿಚ್ಚಿ ಹೇಳುವುದಿಲ್ಲ. ಅಲ್ಲಿಂದ ಅವನ ನಿದ್ದೆ ಹೋಗುತ್ತದೆ. ಸ್ನೇಹಿತರ ನಗೆಯಲ್ಲಿಯೂ ಅವನಿಗೆ ಸಂಚು ಕಾಣುತ್ತದೆ. ಹೊಡೆಯುವವನಿಗಿಂತ ಮೊದಲು ಭಯವೇ ಮಿಗವನ್ನು ಓಡಿಸಿ ದಣಿಸುತ್ತದೆ. ಪುಸ್ತಕದ ಹೆಸರು ಸುಮ್ಮನೆ ಬಂದದ್ದಲ್ಲ.

ಇಂಥದೇ ಕಥೆಯನ್ನು ಪ್ರಾಗ್ ನಗರದ ಕಾಫ್ಕಾ ಎಂಬಾತ ಬರೆದಿದ್ದ. ಅವನು ಸತ್ತ ಮರುವರ್ಷ, 1925ರಲ್ಲಿ, ಅದು ಅಚ್ಚಾಯಿತು. ಅದರಲ್ಲಿ ಒಬ್ಬನನ್ನು ಬೆಳಗಾಗುತ್ತಲೇ ಬಂಧಿಸುತ್ತಾರೆ; ಅಪರಾಧ ಯಾವುದೆಂದು ಕಡೆಯವರೆಗೂ ಹೇಳುವುದಿಲ್ಲ. ಆ ಕಾಫ್ಕಾನ ನೌಕರಿ ಎಲ್ಲಿತ್ತು ಬಲ್ಲಿರಾ? ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ! ಯಂತ್ರಕ್ಕೆ ಸಿಕ್ಕು ಕೈಬೆರಳು ಕಳೆದುಕೊಂಡವರ ಕಾಗದಗಳನ್ನು ನೋಡಿದ ಮನುಷ್ಯ ಅವನು. ದಫ್ತರದ ನಿರ್ದಯತೆ ಅವನಿಗೂ ಚಿತ್ತಾಲರಿಗೂ ಒಳಗಿನಿಂದ ಗೊತ್ತಿತ್ತು.

“ನಾಗಪ್ಪ ಸಾಹೇಬ, ನಾವು ಕೂಲಿಗಳು. ಅವನ ದುಃಖ ನಮಗೇಕೆ?” ಎನ್ನಬಹುದು. ಮಾತು ಸರಿಯೇ, ಈ ಕಾದಂಬರಿಯ ನಟ್ಟನಡುವೆ ಕೂಲಿಕಾರನಿಲ್ಲ. ಆದರೆ ಒಂದು ಮಾತು ನೋಡಿ. 1947ರ ಕೈಗಾರಿಕಾ ವಿವಾದ ಕಾಯದೆ ಮ್ಯಾನೇಜರರನ್ನು ಕಾರ್ಮಿಕರೆಂದು ಎಣಿಸಲಿಲ್ಲ. ನಾಗಪ್ಪನಿಗೆ ಪಗಾರ ದೊಡ್ಡದು, ಬೆನ್ನಿಗೆ ಮಾತ್ರ ಸಂಘವಿಲ್ಲ. ಆರೋಪವನ್ನು ಬರೆದು ಕೊಡಿರಿ, ಉತ್ತರ ಕೊಡಲು ಬಿಡಿರಿ ಎಂದು ಅವನ ಪರವಾಗಿ ಹತ್ತು ಜನ ಬಾಗಿಲಲ್ಲಿ ನಿಲ್ಲುವುದಿಲ್ಲ. ದೊಡ್ಡ ಹುದ್ದೆಯವನೂ ಒಂಟಿಯಾದರೆ ಬೇಟೆಯ ಪ್ರಾಣಿಯೇ. ನವ್ಯರು ಒಂಟಿತನವನ್ನು ತೋರಿಸಿದರು. ಅದಕ್ಕೆ ಮದ್ದು ಹುಡುಕುವುದು ಓದಿದ ನಮ್ಮ ಕೆಲಸ.

ನಮ್ಮಲ್ಲಿಯೂ ಒಬ್ಬನ ಕೆಲಸ ನಿಂತಿತೆಂದರೆ ಮರುದಿನವೇ ಚಹಾದ ಅಂಗಡಿಯಲ್ಲಿ ಅವನ ಪಕ್ಕದ ಬಾಕು ಖಾಲಿಯಾಗುತ್ತದೆ. “ಏನೋ ಮಾಡಿರಬೇಕು” ಎನ್ನುತ್ತೇವೆ. ಕಿರಾಣಿಯವನು ಉದ್ರಿ ನಿಲ್ಲಿಸುತ್ತಾನೆ. ಆರೋಪ ಇನ್ನೂ ಬಾಯಿಮಾತಿನಲ್ಲಿರುವಾಗಲೇ ಶಿಕ್ಷೆಯನ್ನು ನಾವೇ ಕೊಟ್ಟುಬಿಡುತ್ತೇವೆ! ಬಲೆ ಹಾಕಿದವರು ಬೇರೆ, ಮಿಗವನ್ನು ಬಲೆಗೆ ಅಟ್ಟಿದವರು ನಾವು.

ಆದುದರಿಂದ ಕಾರ್ಮಿಕ ಬಂಧುಗಳಲ್ಲಿ ನನ್ನ ಬಿನ್ನಹ: ಅಂಥವನ ಮನೆಗೆ ಅಂದೇ ಸಂಜೆ ಹೋಗಿರಿ. ಕಾಗದದಲ್ಲಿ ಏನಿದೆ ಎಂದು ಕೂಡಿ ಓದಿರಿ. ಅಂಗಡಿಯವರೇ, ಒಂದು ತಿಂಗಳ ಜೋಳದ ಲೆಕ್ಕವನ್ನು ತಡೆದುಕೊಳ್ಳಿರಿ. ‘ಶಿಕಾರಿ’ಯನ್ನು ಒಬ್ಬರೇ ಓದುವುದು ಕಷ್ಟವಾದರೆ ನಾಲ್ವರು ಕೂಡಿ, ಒಬ್ಬರು ಗಟ್ಟಿಯಾಗಿ ಓದಿರಿ. ನಿಮಗೆ ಗುರುತಿದ್ದ ಭಯವೇ ಅಲ್ಲಿ ಕಾಣುತ್ತದೆ. ಗುರುತು ಹತ್ತಿದ ಭಯ ಅರ್ಧ ಸೋತಂತೆ.