ಹಣ ಕೊಟ್ಟ ಮೇಲೆ ವಿಚಾರಿಸುವವರು ಯಾರು? ಅಮೆರಿಕದ ಮೆಡಿಕೇಡ್ ಮತ್ತು ರಾಜ್ಯಗಳ ಮೇಲ್ವಿಚಾರಣೆ



ಬಡವರ ಚಿಕಿತ್ಸೆಗೆಂದು ತೆಗೆದಿಟ್ಟ ಹಣವನ್ನು ಸರ್ಕಾರ ಖಾಸಗಿ ವಿಮಾ ಕಂಪನಿಯ ಕೈಗೆ ಒಪ್ಪಿಸಿದ ಮೇಲೆ ಸರ್ಕಾರಕ್ಕೆ ಉಳಿಯುವ ಕೆಲಸ ಏನು? ಇಂದು ನಾನು ಹಿಡಿದುಕೊಂಡು ಬಂದಿರುವುದು ಇದೊಂದೇ ಪ್ರಶ್ನೆ. ಇದರಲ್ಲಿ ದೀರ್ಘ ಅನುಭವ ಇರುವುದು ಅಮೆರಿಕದ ರಾಜ್ಯಗಳಿಗೆ. ಹಾಗಾಗಿ ನನ್ನ ಮಾತು ಹೆಚ್ಚಾಗಿ ಅಲ್ಲಿಯದೇ.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಮಾಡಿದ ಕಾಯ್ದೆಯಿಂದ ಎರಡು ಯೋಜನೆಗಳು ಹುಟ್ಟಿದವು. ವೃದ್ಧರಿಗೆ ಮೆಡಿಕೇರ್, ಅದು ಕೇಂದ್ರದ್ದು. ಬಡವರಿಗೆ ಮೆಡಿಕೇಡ್, ಅದರ ಖರ್ಚನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ, ನಡೆಸುವುದು ರಾಜ್ಯ. ಮೊದಮೊದಲು ವೈದ್ಯರು ಬಿಲ್ ಕಳಿಸುತ್ತಿದ್ದರು, ರಾಜ್ಯ ಪಾವತಿಸುತ್ತಿತ್ತು. ವೆಚ್ಚ ಏರುತ್ತ ಹೋದಂತೆ ರಾಜ್ಯಗಳು ಮ್ಯಾನೇಜ್ಡ್ ಕೇರ್ ಕಡೆ ತಿರುಗಿದವು. ತಲೆಗೆ ತಿಂಗಳಿಗೆ ಇಷ್ಟು ಎಂದು ಕಂಪನಿಗೆ ಮೊದಲೇ ಕೊಟ್ಟುಬಿಡುವುದು. ವೈದ್ಯರನ್ನು ಗೊತ್ತುಮಾಡುವುದು, ಚಿಕಿತ್ಸೆಗೆ ಅನುಮತಿ ಕೊಡುವುದು, ಬಿಲ್ ತೀರಿಸುವುದು ಎಲ್ಲ ಕಂಪನಿಯ ಪಾಲು. ಎಲ್ಲರಿಗಿಂತ ಕೊನೆಗೆ, 1982ರಲ್ಲಿ, ಮೆಡಿಕೇಡ್ ಸೇರಿದ ಅರಿಜೋನಾ ಶುರುವಿನಿಂದಲೇ ಹೀಗೆ ನಡೆಯಿತು. 1997ರ ಕೇಂದ್ರ ಕಾಯ್ದೆ ಉಳಿದ ರಾಜ್ಯಗಳಿಗೂ ದಾರಿ ಸಲೀಸು ಮಾಡಿತು. ಈಗ ಮೆಡಿಕೇಡ್ ಫಲಾನುಭವಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ಇಂಥ ಕಂಪನಿಗಳ ಅಡಿಯಲ್ಲಿದ್ದಾರೆ.

ಇದರಲ್ಲಿ ಒಳ್ಳೆಯದೂ ಇದೆ. ರಾಜ್ಯಕ್ಕೆ ಬರುವ ವರ್ಷದ ಖರ್ಚಿನ ಅಂದಾಜು ಮೊದಲೇ ಸಿಗುತ್ತದೆ. ಸಕ್ಕರೆ ಕಾಯಿಲೆಯವರನ್ನು ಹೊತ್ತಿಗೆ ಸರಿಯಾಗಿ ನೋಡಿಕೊಂಡರೆ ಆಸ್ಪತ್ರೆ ಸೇರುವುದು ತಪ್ಪುತ್ತದೆ, ಹಣ ಉಳಿಯುತ್ತದೆ. ಆದರೆ ಉಳಿಸಲು ಇನ್ನೊಂದು ದಾರಿಯೂ ಇದೆ: ಚಿಕಿತ್ಸೆ ಕೇಳಿದಾಗ ಇಲ್ಲ ಎನ್ನುವುದು. ಮೊದಲನೆಯದಕ್ಕೆ ವರ್ಷಗಟ್ಟಲೆ ದುಡಿಮೆ ಬೇಕು, ಎರಡನೆಯದಕ್ಕೆ ಒಂದು ಪತ್ರ ಸಾಕು. ಕಂಪನಿಯ ಜಮಾಖರ್ಚಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಅವನ್ನು ಬೇರ್ಪಡಿಸಿ ನೋಡುವ ಶಕ್ತಿಯೂ ಹೊಣೆಯೂ ಇರುವುದು ರಾಜ್ಯಕ್ಕೆ.

ರಾಜ್ಯ ಹೇಗೆ ನೋಡುತ್ತದೆ? ಬಹುಮಟ್ಟಿಗೆ ಕಂಪನಿಯೇ ಸಲ್ಲಿಸುವ ವರದಿಗಳಲ್ಲಿ. ನಮ್ಮ ಯೋಜನೆಯಲ್ಲಿ ಇಷ್ಟು ವೈದ್ಯರಿದ್ದಾರೆ ಎಂದು ಕಂಪನಿ ಪಟ್ಟಿ ಕೊಡುತ್ತದೆ. ಪಟ್ಟಿ ಉದ್ದವಾಗಿದ್ದರೆ ಷರತ್ತು ಪೂರೈಸಿದಂತೆ. 2014ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಒಂದು ಸರಳ ಕೆಲಸ ಮಾಡಿತು. ಪಟ್ಟಿಗಳಿಂದ 1,800 ವೈದ್ಯರನ್ನು ಆರಿಸಿ, ಅಪಾಯಿಂಟ್‌ಮೆಂಟ್ ಬೇಕು ಎಂದು ಫೋನ್ ಮಾಡಿತು. ಅರ್ಧಕ್ಕಿಂತ ಹೆಚ್ಚು ಮಂದಿಯಿಂದ ಅಪಾಯಿಂಟ್‌ಮೆಂಟ್ ಸಿಗಲಿಲ್ಲ. ಶೇಕಡ 35ರಷ್ಟು ವೈದ್ಯರು ಪಟ್ಟಿಯಲ್ಲಿದ್ದ ವಿಳಾಸದಲ್ಲೇ ಇರಲಿಲ್ಲ. ಕೆಲವರು ಇದ್ದರೂ ಆ ಯೋಜನೆಗೆ ಸೇರಿದವರಲ್ಲ, ಕೆಲವರು ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ. ಸಿಕ್ಕವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜನ ಒಂದು ತಿಂಗಳು ದಾಟಿದ ದಿನಾಂಕ ಕೊಟ್ಟರು. ಮೇಲ್ವಿಚಾರಣೆಯ ನೂರಾರು ಪುಟಗಳ ದಸ್ತಾವೇಜಿಗಿಂತ ಈ ಫೋನ್ ಕರೆಗಳು ಹೆಚ್ಚಿನದನ್ನು ಹೇಳಿದವು ಎಂದೇ ನನ್ನ ನಂಬಿಕೆ.

ಇಂಥ ಪಟ್ಟಿಗಳ ಹಿಂದೆ ಬದುಕು ಹೇಗಿರುತ್ತದೆ ಎಂಬುದಕ್ಕೆ ಮೇರಿಲ್ಯಾಂಡ್ ರಾಜ್ಯದ ಒಂದು ಕುಟುಂಬವನ್ನು ನೆನೆಯಬೇಕು. ಅಲ್ಲಿನ ತಾಯಿಯೊಬ್ಬಳು ಕಿರಿಯ ಮಗನ ಹಲ್ಲಿಗೆ ಮೆಡಿಕೇಡ್ ಒಪ್ಪುವ ದಂತವೈದ್ಯರನ್ನು ಹುಡುಕಿ ಅಲೆಯುತ್ತಿದ್ದಳು. ಅಷ್ಟರಲ್ಲಿ 12 ವರ್ಷದ ಇನ್ನೊಬ್ಬ ಮಗನ ಹುಳುಕು ಹಲ್ಲಿನ ಸೋಂಕು ಮಿದುಳಿಗೇರಿತು. ಕುಟುಂಬದ ಮೆಡಿಕೇಡ್ ಕೂಡ ಆ ಹೊತ್ತಿಗೆ ರದ್ದಾಗಿತ್ತು. ಸುಮಾರು 80 ಡಾಲರಿಗೆ ಕೀಳಬಹುದಾಗಿದ್ದ ಹಲ್ಲು ಅದು. ಮಿದುಳಿಗೆ ಎರಡು ಶಸ್ತ್ರಚಿಕಿತ್ಸೆ ಮಾಡಿದರೂ 2007ರ ಫೆಬ್ರವರಿಯಲ್ಲಿ ಹುಡುಗ ತೀರಿಕೊಂಡ. ಆಮೇಲೆ ಮೇರಿಲ್ಯಾಂಡ್ ದಂತವೈದ್ಯರ ಶುಲ್ಕ ಹೆಚ್ಚಿಸಿತು. 2009ರಲ್ಲಿ ದಂತ ಚಿಕಿತ್ಸೆಯನ್ನು ಮ್ಯಾನೇಜ್ಡ್ ಕೇರ್ ಗುತ್ತಿಗೆಯಿಂದ ಪೂರ್ತಿ ಹೊರತೆಗೆದು ಬೇರೆಯಾಗಿ ನಡೆಸಿತು. ರಾಜ್ಯ ಮನಸ್ಸು ಮಾಡಿದರೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. 2012ರಲ್ಲಿ ಕನೆಕ್ಟಿಕಟ್ ಎಲ್ಲ ಚಿಕಿತ್ಸೆಗಳ ವಿಷಯದಲ್ಲೂ ಹಾಗೆಯೇ ಮಾಡಿತು.

ಇನ್ನು ನಿರಾಕರಣೆಯ ಪತ್ರ. 2019ರ ಲೆಕ್ಕ ತೆಗೆದು ಅದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2023ರಲ್ಲಿ ವರದಿ ಕೊಟ್ಟಿತು. ತಾನು ಪರಿಶೀಲಿಸಿದ ಕಂಪನಿಗಳು ಪೂರ್ವಾನುಮತಿ ಕೋರಿಕೆಗಳಲ್ಲಿ ಎಂಟಕ್ಕೊಂದನ್ನು ತಳ್ಳಿಹಾಕಿದ್ದವು; 115 ಕಂಪನಿಗಳಲ್ಲಿ 12, ನಾಲ್ಕಕ್ಕೊಂದಕ್ಕಿಂತ ಹೆಚ್ಚು. ಹೆಚ್ಚಿನ ರಾಜ್ಯಗಳು ಈ ನಿರಾಕರಣೆಗಳಲ್ಲಿ ಒಂದಿಷ್ಟನ್ನಾದರೂ ತರಿಸಿ, ವೈದ್ಯಕೀಯವಾಗಿ ಸರಿಯೇ ಎಂದು ವಾಡಿಕೆಯಾಗಿ ಓದುತ್ತಿರಲಿಲ್ಲ. ಮೇಲ್ಮನವಿ ಇದೆಯಲ್ಲ ಎನ್ನಬಹುದು. ಮನವಿ ಮೊದಲು ಹೋಗಬೇಕಾದದ್ದು ಬೇಡ ಎಂದ ಕಂಪನಿಗೇ. ಅಲ್ಲೂ ಸೋತರೆ ರೋಗಿಯೇ ಮುಂದೆ ಬಂದು ರಾಜ್ಯದ ವಿಚಾರಣೆ ಕೇಳಬೇಕು. ಮೆಡಿಕೇರ್‌ನ ಖಾಸಗಿ ಯೋಜನೆಗಳಲ್ಲಾದರೆ, ಕಂಪನಿ ಎರಡನೇ ಸಲವೂ ಒಪ್ಪದಿದ್ದಾಗ ಕಡತ ತಾನಾಗಿಯೇ ಹೊರಗಿನ ಪರಿಶೀಲಕರಿಗೆ ಹೋಗುತ್ತದೆ. ವೃದ್ಧರಿಗೆ ಸಿಕ್ಕ ಈ ಆಸರೆ ಬಡವರಿಗೆ ಏಕಿಲ್ಲ ಎಂಬುದಕ್ಕೆ ಸಮಾಧಾನದ ಉತ್ತರ ನನಗೆ ಕಂಡಿಲ್ಲ. ಮೆಡಿಕೇಡ್ ಕಂಪನಿಗಳ ಆ ನಿರಾಕರಣೆಗಳಲ್ಲಿ ಮೇಲ್ಮನವಿಗೆ ಹೋದದ್ದು ಶೇಕಡ 11 ಮಾತ್ರ. ಎರಡು ಪಾಳಿ ದುಡಿಯುವ ಹೆಂಗಸಿಗೆ ಕಾನೂನಿನ ಭಾಷೆಯ ಪತ್ರ ಓದಿ, ಗಡುವಿನೊಳಗೆ ಉತ್ತರ ಬರೆಯುವ ಬಿಡುವು ಎಲ್ಲಿ?

ಕೇಂದ್ರದ ನಿಯಮಗಳು ಮೆಲ್ಲಗೆ ಬಿಗಿಯಾಗಿವೆ. ಕಂಪನಿ ತನ್ನ ಆದಾಯದ ಶೇಕಡ 85ರಷ್ಟನ್ನಾದರೂ ಚಿಕಿತ್ಸೆಗೆ ಮತ್ತು ಅದರ ಗುಣಮಟ್ಟಕ್ಕೆ ಖರ್ಚು ಮಾಡುವಂತೆ ದರ ನಿಗದಿಯಾಗಬೇಕು ಎಂದದ್ದು 2016ರ ನಿಯಮ. 2024ರ ನಿಯಮ ಇನ್ನೂ ನೇರ: ಸಾಮಾನ್ಯ ವೈದ್ಯರ ಭೇಟಿ ಕೆಲಸದ 15 ದಿನಗಳೊಳಗೆ, ಮಾನಸಿಕ ಆರೋಗ್ಯದ ಭೇಟಿ 10 ದಿನಗಳೊಳಗೆ ಸಿಗಬೇಕು, ಸಿಗುತ್ತದೆಯೇ ಎಂದು ಸ್ವತಂತ್ರ ಸಂಸ್ಥೆಯಿಂದ ಗುರುತು ಹೇಳದೆ ಫೋನ್ ಮಾಡಿಸಿ ನೋಡಬೇಕು. ಇವನ್ನು ಜಾರಿಗೆ ತರಲು ವರ್ಷಗಳ ಕಾಲಾವಕಾಶವನ್ನೂ ಕೊಟ್ಟಿದೆ.

ಇನ್ನು ನಮ್ಮ ರಾಜ್ಯಕ್ಕೆ ಬಂದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ನಡೆಯುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ. ನಡುವೆ ತಲಾ ಮೊತ್ತ ಪಡೆಯುವ ಕಂಪನಿ ಇಲ್ಲ. ಆದರೂ ಪೂರ್ವಾನುಮತಿ ಇದೆ, ತಿರಸ್ಕಾರ ಇದೆ, ನೋಂದಾಯಿತ ಆಸ್ಪತ್ರೆಗಳ ಪಟ್ಟಿ ಇದೆ. ತಿರಸ್ಕಾರವಾದ ಕಡತಗಳಲ್ಲಿ ಕೆಲವನ್ನು ಪ್ರತಿ ತಿಂಗಳು ಹೊರಗಿನ ವೈದ್ಯರು ಓದಲಿ. ಪಟ್ಟಿಯಲ್ಲಿರುವ ಆಸ್ಪತ್ರೆಗಳಿಗೆ ಯಾರಾದರೂ ರೋಗಿಯ ಕಡೆಯವರಂತೆ ಫೋನ್ ಮಾಡಿ, ಹಾಸಿಗೆ ಉಂಟೇ, ಆ ವಿಭಾಗದ ವೈದ್ಯರು ಇದ್ದಾರೆಯೇ ಎಂದು ಕೇಳಲಿ. ಸಿಕ್ಕ ಉತ್ತರಗಳನ್ನು ಜಿಲ್ಲಾವಾರು, ಕನ್ನಡದಲ್ಲಿ, ಎಲ್ಲರೂ ಓದುವಂತೆ ಪ್ರಕಟಿಸಲಿ.